ಹಸಿಗೂಡಿನ ಹಾರ

ನಮ್ಮೂರ ವೃತ್ತದಲ್ಲಿ ನಿಂತಿರುವ ತಾತನ ಹೆಸರನ್ನು ಹೇಳಬೇಕಾದ ಅಗತ್ಯವೇ ಇಲ್ಲ. ಮೊಣಕಾಲು ಮುಚ್ಚದ ಪಂಚೆ, ಕೈಯಲ್ಲಿ ಉದ್ದನೆಯ ಕೋಲು, ದುಂಡು ಕನ್ನಡಕ, ಬೋಳು ತಲೆ. ದೇಶದ ಯಾವ ಊರಿನ ಯಾವ ವೃತ್ತಕ್ಕೆ ಹೋದರೂ ಈ ವೇಷದವನು ಒಬ್ಬನೇ. ಅಹಿಂಸೆ ಎಂದರೆ ಶಾಲೆಯ ಮಕ್ಕಳು ಮೊದಲು ಬರೆಯುವುದು ಇವನ ಕನ್ನಡಕವನ್ನು. ಆದರೆ ರಾಮನಗರದ ನಮ್ಮ ತಾತನ ಮುಖ ಮಾತ್ರ ಅಷ್ಟಾಗಿ ಅವನದ್ದಲ್ಲ. ಸಿಮೆಂಟಿನಲ್ಲಿ ಮೂರ್ತಿ ಮಾಡಿದ ಪುಣ್ಯಾತ್ಮ ಯಾವ ಫೋಟೋ ಎದುರಿಗಿಟ್ಟುಕೊಂಡಿದ್ದನೋ, ಕೆನ್ನೆ ತುಂಬಿಕೊಂಡು, ಈಗಷ್ಟೇ ಊಟ ಮುಗಿಸಿ ಕೈ ತೊಳೆದವನ ಹಾಗೆ ಕಾಣುತ್ತಾನೆ. ಪ್ರತಿ ವರ್ಷ ಜಯಂತಿಗೆ ಮೊದಲು ಬಂಗಾರದ ಬಣ್ಣ ಬಳಿಯುತ್ತಾರೆ. ಹಳೆಯ ಬಣ್ಣ ಕೆರೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಪದರದ ಮೇಲೆ ಪದರ ಏರಿ ತುಟಿ ದಪ್ಪವಾಗಿ, ನಾನು ಮದುವೆಯಾಗಿ ಈ ಊರಿಗೆ ಬಂದಾಗ ಗಂಭೀರವಾಗಿದ್ದ ತಾತ ಈಗ ನಗುತ್ತಾನೆ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಮೊದಲಿನಿಂದಲೂ ನಗುತ್ತಲೇ ಇದ್ದ ಎನ್ನುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬೆಳಗ್ಗೆ ಮಂಜು ಇಳಿಯುತ್ತದೆ. ಹಾಲು ತರಲು ಹೊರಟರೆ ಊರ ಸುತ್ತಲಿನ ಬಂಡೆ ಬೆಟ್ಟಗಳು ಒಂದೂ ಇರುವುದಿಲ್ಲ. ಅಂಗಡಿಗಳ ಬೋರ್ಡುಗಳಿರುವುದಿಲ್ಲ. ತಾತ ನಿಂತ ಕಟ್ಟೆಯೂ ಮಂಜಿನಲ್ಲಿ ಮುಳುಗಿ, ಅವನೊಬ್ಬ ನೆಲದಿಂದ ಒಂದಾಳು ಮೇಲೆ, ಬೆಂಗಳೂರಿನ ಕಡೆ ಮುಖ ಮಾಡಿ, ಒಂದು ಕಾಲು ಮುಂದಿಟ್ಟು ನಡೆಯುತ್ತಿರುತ್ತಾನೆ. ಹಾಲು ತೆಗೆದುಕೊಂಡು ಹಿಂದಿರುಗುವಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿರಬಹುದು ಎಂದು ನಾನು ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಹೋಗಿರುವುದಿಲ್ಲ, ಆದರೆ ಹೋಗಿದ್ದರೆ ನನಗೇನೂ ಆಶ್ಚರ್ಯವಾಗುತ್ತಿರಲಿಲ್ಲ.

ನನ್ನ ತವರು ಮಾಗಡಿ ಕಡೆಯ ಹಳ್ಳಿ. ರಾಗಿ, ಅವರೆ, ಮನೆ ಹಿಂದೆ ನಾಲ್ಕು ಮಾವಿನ ಮರ. ಕೊಟ್ಟದ್ದು ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆಗೆ. ರೈತರು ಸಾಕಿದ ರೇಷ್ಮೆ ಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತದೆ. ಹಾಗೇ ಬಿಟ್ಟರೆ ಕೆಲವು ದಿನಕ್ಕೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬಂದರೆ ನೂಲು ತುಂಡಾಯಿತು, ಗೂಡು ಕೆಲಸಕ್ಕೆ ಬಾರದು. ಅದಕ್ಕೇ ಮಾರುಕಟ್ಟೆಯಿಂದ ಗೂಡು ತಂದವರು ಮೊದಲು ಅದಕ್ಕೆ ಹಬೆ ಕೊಡುತ್ತಾರೆ, ಆಮೇಲೆ ಕುದಿಯುವ ನೀರಿಗೆ ಹಾಕಿ ಎಳೆ ಹುಡುಕಿ ಬಿಚ್ಚುತ್ತಾರೆ. ನಮ್ಮ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿದವರು. ಮನೆಯೊಳಗೆ ಕೋಳಿಮೊಟ್ಟೆಯ ಹೆಸರೆತ್ತುವ ಹಾಗಿಲ್ಲ, ಬೀದಿಯಲ್ಲಿ ಮೀನಿನ ಗಾಡಿ ಬಂದರೆ ಕಿಟಕಿ ಮುಚ್ಚಬೇಕು. ಹಿತ್ತಲಿನ ಶೆಡ್ಡಿನಲ್ಲಿ ಮಾತ್ರ ದಿನವೂ ತೊಟ್ಟಿ ತುಂಬ ಹುಳ ಬೇಯುತ್ತಿರುತ್ತದೆ. ಹೊಸದಾಗಿ ಬಂದಾಗ ಇದನ್ನು ಕಂಡು ನನಗೆ ನಗು ಬಂದಿತ್ತು. ನಕ್ಕೆ ಕೂಡ. ನಮ್ಮ ಯಜಮಾನರು ಎರಡು ದಿನ ಮಾತು ಬಿಟ್ಟರು.

ಅತ್ತೆ ಮಾತ್ರ ಮಾತು ಬಿಡಲಿಲ್ಲ. ಶೆಡ್ಡಿಗೆ ಕರೆದುಕೊಂಡು ಹೋಗಿ ತೊಟ್ಟಿಯ ಮುಂದೆ ಕೂರಿಸಿ, ಕುದಿನೀರಿನಿಂದ ಎಳೆ ಎತ್ತುವುದನ್ನು ಕಲಿಸಿದರು. ಆಗಲೇ ಅವರ ಬೆರಳುಗಳನ್ನು ಸರಿಯಾಗಿ ನೋಡಿದ್ದು. ತುದಿಗಳೆಲ್ಲ ಬೆಳ್ಳಗೆ, ನೆನೆಹಾಕಿದ ಅವರೆಕಾಳಿನ ಹಾಗೆ. ಗೆರೆಗಳೇ ಇಲ್ಲ. ಈಗಲೂ ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೆ ಅವರು ಯಾರೆಂದು ಗೊತ್ತಾಗುವುದಿಲ್ಲ. ಐವತ್ತು ವರ್ಷ ಒಂದೇ ತೊಟ್ಟಿಯ ಮುಂದೆ ಕೂತವರನ್ನು ಆ ಡಬ್ಬಿ 'ಮತ್ತೆ ಪ್ರಯತ್ನಿಸಿ' ಅನ್ನುತ್ತದೆ. ನಾನು ಅಂಗಡಿಯವನ ಜೊತೆ ಜಗಳಕ್ಕೆ ನಿಂತರೆ ಅತ್ತೆಯೇ ಸೆರಗು ಹಿಡಿದು ಎಳೆಯುತ್ತಾರೆ.

ವರ್ಷಕ್ಕೊಮ್ಮೆ, ತಾತನ ಜಯಂತಿಯ ದಿನ, ನಮ್ಮ ಮನೆಯಿಂದ ಅವನಿಗೆ ಗೂಡಿನ ಹಾರ ಹೋಗುತ್ತದೆ. ರೇಷ್ಮೆಯ ಊರಿನಲ್ಲಿ ಗೂಡಿನ ಹಾರ ಹೊಸದಲ್ಲ. ಮಂತ್ರಿಗಳು ಬಂದರೂ ಹಾಕುತ್ತಾರೆ, ನಿವೃತ್ತರಾದ ಮೇಷ್ಟರಿಗೂ ಹಾಕುತ್ತಾರೆ. ಆದರೆ ಅತ್ತೆ ಹಾರಕ್ಕೆ ನಮ್ಮ ಶೆಡ್ಡಿನ ಗೂಡು ಮುಟ್ಟುತ್ತಿರಲಿಲ್ಲ. ಬಸ್ಸು ಹಿಡಿದು ಕನಕಪುರದ ಕಡೆ, ಚಿಟ್ಟೆಗಳಿಂದ ಮೊಟ್ಟೆ ಇಡಿಸುವ ಬಿತ್ತನೆ ಕೋಠಿಗೆ ಹೋಗಿ, ಅಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಟುಹೋದ ಖಾಲಿ ಗೂಡುಗಳನ್ನು ಚೀಲದಲ್ಲಿ ತರುತ್ತಿದ್ದರು. ತೂತು ಕಾಣದ ಹಾಗೆ ಹಿಂದಕ್ಕೆ ತಿರುಗಿಸಿ ಪೋಣಿಸುತ್ತಿದ್ದರು. ಏಣಿ ಹತ್ತಿದವರು ಹಾರ ಹಾಕಿ ಇಳಿದ ಮೇಲೆ, ಭಾಷಣಗಳು ಶುರುವಾಗುವ ಮೊದಲು, ಕಟ್ಟೆಯ ಬಳಿ ನಿಂತು ಏನೋ ಗೊಣಗಿ ಬರುತ್ತಿದ್ದರು.

ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಧೈರ್ಯ ಮಾಡಿ ಕೇಳಿದೆ, ಅದೇನು ಹೇಳುತ್ತೀರಿ ಅತ್ತೆಮ್ಮ ಎಂದು.

"ತಪ್ಪಾಯ್ತು ಅಂತೀನಿ ಕಣವ್ವ. ಒಂದ್ ವರ್ಷದ್ದು. ಇನ್ನೇನ್ ಹೇಳಾನ?"

"ಗುಡೀಲಿ ಹೇಳ್ಬೋದಲ್ಲ?"

"ದೇವ್ರು ಒಂದು ಕಾಯಿಗೇ ಒಪ್ಕೊಬುಡ್ತಾನೆ. ಇವ್ನು ಅಂಗಲ್ಲ, ಬಲೇ ಹಟದೋನು. ಅದೂ ಅಲ್ದೆ ಇವ್ನೂ ನೂಲು ತೆಗ್ದೋನೆಯ. ದಾರದ ಕೆಲ್ಸ ಏನೂಂತ ಗೊತ್ತೈತೆ. ಹುಳ ಬೇಯ್ಸಿದ್ ಹಾರವ ಇವ್ನ ಕತ್ತಿಗೆ ಹಾಕಿ ತಪ್ಪಾಯ್ತು ಅಂದ್ರೆ ಆಯ್ತದಾ?"

ಒಳಗೊಳಗೆ ಇದು ಒಂದು ಬಗೆಯ ಹುಚ್ಚು ಎಂದುಕೊಂಡೆ. ಕೆಲಸ ಬಿಡುವುದಿಲ್ಲ, ಬಿಟ್ಟರೆ ಮನೆ ನಡೆಯುವುದಿಲ್ಲ. ಮಾರನೆಯ ದಿನ ಬೆಳಗ್ಗೆ ತೊಟ್ಟಿಯಲ್ಲಿ ಮತ್ತೆ ನೀರು ಕುದಿಯುತ್ತದೆ. ಹಾಗಿದ್ದ ಮೇಲೆ ಒಂದು ದಿನದ ತಪ್ಪೊಪ್ಪಿಗೆಗೆ ಏನು ಬೆಲೆ? ಆದರೆ ಅತ್ತೆಗೆ ಆ ಒಂದು ದಿನ ತಪ್ಪಿದರೆ ವರ್ಷವಿಡೀ ಊಟ ಸೇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹೋದ ವರ್ಷ ಜಯಂತಿಗೆ ಮೂರು ವಾರ ಮೊದಲು ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ಬಂದರು. ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದೆವು. ಎದ್ದು ಕೂರಲು ಇಬ್ಬರು ಬೇಕು. ಮಲಗಿದಲ್ಲಿಂದಲೇ ದಿನ ಎಣಿಸತೊಡಗಿದರು. ಇನ್ನು ಎಂಟು ದಿನ, ಇನ್ನು ಐದು ದಿನ.

"ಈ ಸಲ ನೀನೇ ಓಗ್ಬೇಕು ಕಣವ್ವ. ಕೋಠಿಯೋರ್ಗೆ ನನ್ನ ಹೆಸ್ರು ಹೇಳು, ಕೊಡ್ತಾರೆ. ಒಸಿ ಗಟ್ಟಿಯಾಗಿರೋವ ಆರಿಸ್ಕೊ. ಹಾಕ್ಬುಟ್ಟು, ನಂಗಾಗಿ ಒಂದ್ ಮಾತ ಹೇಳ್ಬುಟ್ಟು ಬಾ."

ಹೋಗುತ್ತೇನೆ ಎಂದೆ. ಹೋಗುವ ಮನಸ್ಸೂ ಇತ್ತು. ಆದರೆ ಆ ವಾರ ನನ್ನ ತಲೆ ನನ್ನ ಮೈಮೇಲೆ ಇರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದರೆ ಅತ್ತೆಯ ಆರೈಕೆ, ಅಡುಗೆ, ಮಧ್ಯಾಹ್ನದ ಮೇಲೆ ಶೆಡ್ಡು. ಜೊತೆಗೆ ಯಜಮಾನರು ಒಂದು ದಿನ ಸಾರಿಗೆ ಉಪ್ಪು ಸಾಲದು ಎಂದು ಮುಖ ಗಂಟು ಹಾಕಿದರು. ಸಾರಿನ ಪಾತ್ರೆಯನ್ನೇ ಅವರ ಮುಂದೆ ಕುಕ್ಕಿ, ಉಪ್ಪಿನ ಡಬ್ಬ ಪಕ್ಕದಲ್ಲಿಟ್ಟು, ಶೆಡ್ಡಿಗೆ ಬಂದು ಕೂತೆ. ಕನಕಪುರದ ಬಸ್ಸು ಹತ್ತಬೇಕಿದ್ದದ್ದು ಅವತ್ತೇ. ಹತ್ತಲಿಲ್ಲ. ನನ್ನ ಕೋಪ ಯಾರ ಮೇಲೋ, ತೀರಿಸಿಕೊಂಡದ್ದು ಯಾರ ಮೇಲೋ.

ಜಯಂತಿಯ ಹಿಂದಿನ ದಿನ ಮಾರುಕಟ್ಟೆಯಿಂದ ಬೈರಾಪಟ್ಟಣದ ರೈತರೊಬ್ಬರ ಬಿಳಿ ಗೂಡು ಬಂದಿತ್ತು. ಒಳ್ಳೆಯ ಗೂಡು, ಮೈ ಬಿಗಿ, ಒಂದೇ ಅಳತೆ. ಅರ್ಧಕ್ಕೆ ಹಬೆ ಕೊಟ್ಟಿದ್ದೇವೆ, ಅರ್ಧ ನಾಳೆಗೆ ಎಂದು ಯಜಮಾನರು ಹೇಳಿದ್ದು ನೆನಪಿತ್ತು. ಬಾಗಿಲ ಹತ್ತಿರ ಒಂದು ತಟ್ಟೆ, ಒಳಗೆ ಗೋಡೆಯ ಪಕ್ಕ ಒಂದು ತಟ್ಟೆ. ಹಬೆ ಕೊಟ್ಟದ್ದು ಒಳಗಿನದು ಎಂದು ನಾನೇ ತೀರ್ಮಾನಿಸಿಕೊಂಡೆ. ಹಾರಕ್ಕೆ ಯಾವ ಗೂಡಾದರೇನು, ತಾತ ಬಗ್ಗಿ ನೋಡುತ್ತಾನೆಯೇ, ಅತ್ತೆ ಎದ್ದು ಬಂದು ನೋಡುತ್ತಾರೆಯೇ? ಶೆಡ್ಡಿನಲ್ಲೇ ಕೂತು ಗೋಣಿ ಹೊಲಿಯುವ ದಾರಕ್ಕೆ ಪೋಣಿಸಿದೆ. ತೂತಿಲ್ಲದ ಗೂಡುಗಳು, ಯಾವ ಕಡೆಯಿಂದ ನೋಡಿದರೂ ಚಂದ. ನಿಜ ಹೇಳಬೇಕೆಂದರೆ ಅತ್ತೆಯ ಹಾರಕ್ಕಿಂತ ನನ್ನ ಹಾರವೇ ಚಂದವಾಗಿದೆ ಎಂಬ ಜಂಬವೂ ಬಂತು.

ಮಾರನೆಯ ದಿನ ಹಾರವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ನಡುಮನೆ ದಾಟುವಾಗ ಅತ್ತೆ ಕರೆದರು.

"ತೋರ್ಸವ್ವ ಒಸಿ."

"ಹೊತ್ತಾಯ್ತು ಅತ್ತೆಮ್ಮ, ಏಣಿಯೋನು ಕಾಯ್ತಾವ್ನೆ."

"ತೂತ್ಗೂಡೇ ಅಲ್ವಾ?"

"ಹೂಂ ಕಣತ್ತೆಮ್ಮ. ಕೋಠೀದೆ."

ಅಷ್ಟು ಸಲೀಸಾಗಿ ಬಂತು ಆ ಮಾತು. ವೃತ್ತದಲ್ಲಿ ಹಾರ ಏರಿತು, ಫೋಟೋ ಹೊಡೆದರು, ಧ್ವನಿವರ್ಧಕ ಕಿರುಚಿತು. ಅತ್ತೆಯ ಪರವಾಗಿ ಒಂದು ಮಾತು ಹೇಳಬೇಕಿತ್ತು. ಜನ ಇದ್ದರು, ನಾಚಿಕೆಯಾಯಿತು, ಬಂದುಬಿಟ್ಟೆ. ಮನೆಗೆ ಬಂದು ಹೇಳಿದೆ ಎಂದೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಅವತ್ತು ಎರಡು ತುತ್ತು ಹೆಚ್ಚು ಉಂಡರು, ಆಪರೇಷನ್ ಆದ ಮೇಲೆ ಮೊದಲ ಸಲ ಬಾಯಿ ಚಪ್ಪರಿಸಿ ಉಪ್ಪಿನಕಾಯಿ ಕೇಳಿದರು. ಅದನ್ನು ಬಡಿಸಿ, ನಿಂತು ನೋಡಲಾಗದೆ ಶೆಡ್ಡಿಗೆ ಎದ್ದು ಹೋದೆ.

ಆಮೇಲಿನ ದಿನಗಳು ನನಗೆ ಸ್ಪಷ್ಟವಾಗಿ ನೆನಪಿಲ್ಲ. ಹಬೆಯ ಹಿಂದೆ ಕೂತು ನೋಡಿದ ಹಾಗೆ ನೆನಪು. ಮಧ್ಯಾಹ್ನ ತೊಟ್ಟಿಯ ಮುಂದೆ ಕೂತರೆ ಕಣ್ಣು ಎಳೆಯುತ್ತಿತ್ತು. ಎಳೆಗಳು ನೀರಿನಿಂದ ಏರಿ ರಾಟೆಗೆ ಹೋಗುತ್ತಲೇ ಇರುತ್ತವೆ, ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಬೆಳಕಿನ ಗೆರೆ. ಹಾಗೆ ತೂಕಡಿಸುವಾಗ ಒಂದು ದಿನ ತಾತ ಶೆಡ್ಡಿನೊಳಗೆ ಬಂದ. ಕೋಲನ್ನು ಬಾಗಿಲಿಗೆ ಒರಗಿಸಿದ. ಅತ್ತೆಯ ಮಣೆಯ ಮೇಲೆ ಕೂತು, ಕನ್ನಡಕ ಹಬೆಗೆ ಮಸುಕಾದಾಗ ತೆಗೆದು ಪಂಚೆಯಲ್ಲಿ ಒರೆಸಿ, ನೀರಿಗೆ ಕೈ ಹಾಕಿ ಎಳೆ ಹುಡುಕತೊಡಗಿದ. ಸುಡುತ್ತದೆ ತಾತ, ಎಂದೆ. ಅವನು ತಲೆಯೆತ್ತಲಿಲ್ಲ. ಎಳೆ ಸಿಗದೆ ಹುಡುಕುತ್ತಲೇ ಇದ್ದ. ಎಚ್ಚರವಾದಾಗ ತೊಟ್ಟಿಯಲ್ಲಿ ಎಳೆಗಳು ನಿಜಕ್ಕೂ ತುಂಡಾಗಿ, ರಾಟೆ ಸುಮ್ಮನೆ ತಿರುಗುತ್ತಿತ್ತು.

ಆರನೆಯ ದಿನವೋ ಏಳನೆಯ ದಿನವೋ ಬೆಳಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ. ನಮ್ಮ ಬೀದಿಯನ್ನೂ ವೃತ್ತವನ್ನೂ ಗುಡಿಸುವ ಹೆಂಗಸು ದಿನವೂ ನಮ್ಮ ಬಾಗಿಲಲ್ಲಿ ಕಾಫಿ ಕುಡಿದು ಹೋಗುತ್ತಾಳೆ. ಅವತ್ತು ಪೊರಕೆ ಕೈಯಲ್ಲೇ ಹಿಡಿದು ಓಡಿ ಬಂದಳು.

"ಅಕ್ಕಾ, ಬೇಗ್ ಬನ್ನಿ. ನಿಮ್ ಹಾರದಲ್ಲಿ ಹುಳ ಎದ್ಬುಟ್ಟವೆ. ತಾತನ ಮೈಯೆಲ್ಲ ಚಿಟ್ಟೆ ಕಣಕ್ಕ!"

ಕಾಲಿಗೆ ಚಪ್ಪಲಿ ಹಾಕಿದೆನೋ ಇಲ್ಲವೋ. ವೃತ್ತ ತಲುಪುವ ಹೊತ್ತಿಗೆ ಮಂಜಿನಲ್ಲಿ ಒಂದಿಷ್ಟು ಬೆಳಕು ಬೆರೆತಿತ್ತು. ತಾತ ಎಂದಿನ ಹಾಗೆ ನೆಲ ಬಿಟ್ಟು ನಡೆಯುತ್ತಿದ್ದ. ಅವನ ಎದೆಯ ಮೇಲೆ, ಹೆಗಲ ಮೇಲೆ, ಕೋಲು ಹಿಡಿದ ಮುಂಗೈ ಮೇಲೆ ಬೆಳ್ಳಗೆ ಏನೋ ನಡುಗುತ್ತಿತ್ತು. ಹತ್ತಿರ ಹೋದೆ. ಚಿಟ್ಟೆಗಳು. ಹಾಲುಕೆನೆಯ ಬಣ್ಣ, ದಪ್ಪ ಮೈ, ಬಾಚಣಿಗೆಯ ಹಲ್ಲಿನಂಥ ಎರಡು ಕರಿ ಮೀಸೆ. ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬಾರದು. ಸುಮ್ಮನೆ ರೆಕ್ಕೆ ಅದುರಿಸುತ್ತಾ ತೆವಳುತ್ತದೆ. ಒಂದು ಅವನ ಕನ್ನಡಕದ ತಂತಿ ಹತ್ತಿ ಕೂತಿತ್ತು. ಇನ್ನೊಂದು ಗೂಡಿನಿಂದ ಅರ್ಧ ಮಾತ್ರ ಹೊರಬಂದು, ಒದ್ದೆ ಮೈಯಲ್ಲಿ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತಿತ್ತು. ಬಂಗಾರದ ಬಣ್ಣದ ಮೇಲೆಲ್ಲ ಅವು ಬಿಟ್ಟ ಕಂದು ಹನಿಗಳ ಕಲೆ. ನಾನು ಅಷ್ಟು ಚಂದದ್ದನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಅದೇ ಕ್ಷಣ ಭೂಮಿ ಬಾಯಿ ಬಿಡಬಾರದೇ ಎಂದೂ ಅನ್ನಿಸಿತು.

ಬೇರೆ ಊರಾಗಿದ್ದರೆ ಪವಾಡ ಎಂದು ಕರ್ಪೂರ ಹಚ್ಚುತ್ತಿದ್ದರೋ ಏನೋ. ನಮ್ಮದು ರೇಷ್ಮೆಯ ಊರು. ಮಾರುಕಟ್ಟೆಗೆ ಹೊರಟಿದ್ದ ಗಂಡಸರಿಬ್ಬರು ಬೈಕು ನಿಲ್ಲಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾವೋನ್ಲಾ ಅವ್ನು, ಹಬೆ ಕೊಡ್ದೆ ಹಸಿಗೂಡ್ನೇ ಪೋಣ್ಸವ್ನೆ!"

"ಹಾರ ಯಾರ್ ಮನೇದು ಅಂತ ಊರಿಗೇ ಗೊತ್ತೈತೆ, ಸುಮ್ನಿರ್ಲಾ. ಅಗೋ ಅಲ್ಲೇ ನಿಂತವ್ರೆ."

ನೂಲು ಬಿಚ್ಚುವ ಮನೆಯವರ ಕೈಯಲ್ಲಿ ಚಿಟ್ಟೆ ಎದ್ದಿತು ಎಂದರೆ, ಅಡುಗೆಯವನ ಮನೆಯಲ್ಲಿ ಅನ್ನ ಸೀದ ಹಾಗೆ. ಇನ್ನೊಂದು ದಿನವಾಗಿದ್ದರೆ ಆ ಇಬ್ಬರ ಬೈಕಿನ ಬೀಗ ಕಿತ್ತುಕೊಂಡು ಮಾತಾಡಿಸುತ್ತಿದ್ದೆ. ಅವತ್ತು ಹೂವಿನ ಅಂಗಡಿಯ ಮರೆಗೆ ಸರಿದೆ. ಕನಕಪುರದಿಂದ ಬಂದ ಬಸ್ಸಿನಿಂದ ಜನ ಇಳಿದರು, ಹಾರೋಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿಯರು ಫೋನು ಎತ್ತಿ ಹಿಡಿದರು. ಅಷ್ಟರಲ್ಲಿ ಕಾಗೆಗಳು ಬಂದವು. ಒಂದು ನೇರ ತಾತನ ಬೋಳು ತಲೆಯ ಮೇಲೆ ಇಳಿದು, ಬಗ್ಗಿ, ಅವನ ಹೆಗಲಿನಿಂದಲೇ ಒಂದು ಚಿಟ್ಟೆಯನ್ನು ಕಚ್ಚಿಕೊಂಡು ಹೋಯಿತು. ಗುಡಿಸುವವಳು ಪೊರಕೆ ಎತ್ತಿದಳು, ನಾನು ಹೂವಿನ ಅಂಗಡಿಯವಳ ಛತ್ರಿ ಕಿತ್ತುಕೊಂಡೆ. ಇಬ್ಬರೂ ಕಟ್ಟೆಯ ಸುತ್ತ ಹುಶ್ ಹುಶ್ ಎಂದು ಓಡಾಡಿದೆವು. ಅಹಿಂಸೆಯ ತಾತನ ಮುಂದೆ ಕಾಗೆಗಳಿಗೆ ಕಲ್ಲು ಕೂಡ ಎಸೆದೆ.

ಯಜಮಾನರು ಬಂದರು. ಹಾರ ನೋಡಿದರು, ನನ್ನನ್ನು ನೋಡಿದರು.

"ಒಳಗಿನ ತಟ್ಟೇದ ತಗೊಂಡ್ಯಾ? ಹಬೆ ಕೊಟ್ಟಿದ್ದು ಬಾಗಲ ತಾವ ಇತ್ತಲ್ಲ!"

ನಾನು ತಲೆಯಾಡಿಸಿದೆ.

"ಅದ್ ಸರಿ, ಹಾರಕ್ಕೆ ನಮ್ ಗೂಡು ಯಾಕ್ ಮುಟ್ಟಿದೆ? ಅವ್ವಂಗೆ ಏನಂತ ಹೇಳಿದ್ದೀಯ?"

ಹೇಳಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಆಗ ಹೊಳೆಯಿತು, ನಾನು ಏನು ಮಾಡಲು ಹೊರಟಿದ್ದೆ ಎಂದು. ಸತ್ತ ಹುಳಗಳ ಹಾರವನ್ನೇ ಅತ್ತೆಯ ಹೆಸರಿನಲ್ಲಿ ತಾತನ ಕೊರಳಿಗೆ ಹಾಕಲು ಹೊರಟಿದ್ದೆ. ಹುಳಗಳು ಬದುಕಿದ್ದು ನನ್ನ ದಯೆಯಿಂದಲ್ಲ, ನಾನು ತಟ್ಟೆ ತಪ್ಪಿದ್ದರಿಂದ. ಇಷ್ಟು ಹೊತ್ತಿಗೆ ಊರೆಲ್ಲ ಫೋಟೋ ಹರಿದಾಡುತ್ತಿರುತ್ತದೆ. ಖಾಲಿ ಗೂಡಿನಿಂದ ಚಿಟ್ಟೆ ಬರುವುದಿಲ್ಲ ಎಂದು ಅತ್ತೆಗೆ ಯಾರೂ ವಿವರಿಸಬೇಕಾಗಿಲ್ಲ. ಯಾರೋ ನೆಂಟರು ಫೋನು ತೋರಿಸಿ ಹೇಳುವ ಮೊದಲು ನಾನೇ ಹೇಳಬೇಕಿತ್ತು.

"ನಾಳೆ ಬೆಳಗ್ಗೆ ಪೈಪು ಬಿಟ್ಟು ತೊಳೀರಿ ಅಂದವ್ರೆ ನಮ್ ಮೇಸ್ತ್ರಿ," ಎಂದಳು ಗುಡಿಸುವವಳು. "ಇವತ್ತೊಂದಿನ ನಾನು ಕಾಗೆ ಕಾಯ್ತೀನಿ. ನೀವ್ ಓಗಿ, ಅಜ್ಜಿಗೆ ಹೇಳಿ."

ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಮಂಚದ ಪಕ್ಕ ನೆಲಕ್ಕೆ ಕೂತು ಎಲ್ಲ ಹೇಳಿದೆ. ಬಸ್ಸು ಹತ್ತದಿದ್ದದ್ದು, ತಟ್ಟೆ ತಪ್ಪಿದ್ದು, ಕೋಠಿಯದು ಎಂದು ಸುಳ್ಳಾಡಿದ್ದು. ಕಟ್ಟೆಯ ಬಳಿ ಅವರ ಮಾತನ್ನು ಹೇಳದೆ ಬಂದದ್ದನ್ನೂ ಹೇಳಿಬಿಟ್ಟೆ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಅತ್ತೆ ಗೋಡೆಯ ಕಡೆ ತಿರುಗಲು ನೋಡಿದರು, ಸೊಂಟ ಬಿಡಲಿಲ್ಲ, ಹಾಗಾಗಿ ಕಣ್ಣಿನ ಮೇಲೆ ಸೆರಗು ಎಳೆದುಕೊಂಡರು. ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರಿತು. ನಾನು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅವರು ತಮ್ಮ ಒಂದೇ ಒಂದು ಕೆಲಸವನ್ನು ನನ್ನ ಕೈಗೆ ಕೊಟ್ಟಿದ್ದರು.

ನಾಲ್ಕು ಗಂಟೆಯ ಹೊತ್ತಿಗೆ ಕರೆದರು.

"ಆಟೋ ಕರ್ಸು."

"ಡಾಕ್ಟ್ರು ಅಲುಗಾಡ್ಬಾರ್ದು ಅಂದವ್ರೆ ಅತ್ತೆಮ್ಮ."

"ನಾಳೆ ತೊಳ್ದುಬುಡ್ತಾರೆ ಅಂತ ನೀನೇ ಅಂದ್ಯಲ್ಲ. ಕರ್ಸು."

ಯಜಮಾನರೂ ಆಟೋದವನೂ ಅವರನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ ಕಟ್ಟೆಯ ಮುಂದೆ ಇಳಿಸಿದರು. ಬಿಸಿಲು ಬೆಟ್ಟದ ಕಡೆ ವಾಲಿತ್ತು. ಚಿಟ್ಟೆಗಳು ಬೆಳಗಿಗಿಂತ ಹೆಚ್ಚಾಗಿದ್ದವು. ತಾತನ ಎದೆಯ ತುಂಬ, ಜೋಡಿ ಜೋಡಿಯಾಗಿ ಅಂಟಿಕೊಂಡು ಅಲುಗಾಡದೆ ಕೂತಿದ್ದವು. ಪಂಚೆಯ ಮಡಿಕೆಯಲ್ಲಿ ಆಗಲೇ ಒಂದು, ಸಾಸಿವೆಯಂಥ ಹಳದಿ ಮೊಟ್ಟೆಗಳನ್ನು ಸಾಲಾಗಿ ಇಡುತ್ತಿತ್ತು. ಅತ್ತೆ ನೋಡಿದರು. ಬಸ್ಸುಗಳು ಬಂದವು, ಹೋದವು, ಹಾರ್ನ್ ಹೊಡೆದವು. ಅವರಿಗೆ ಯಾವುದೂ ಕೇಳಿಸಲಿಲ್ಲ ಅನ್ನಿಸುತ್ತದೆ. ಗುಡಿಸುವವಳು ಕಟ್ಟೆ ಹತ್ತಿ, ತಾತನ ಪಾದದ ಮೇಲಿದ್ದ ಒಂದು ಚಿಟ್ಟೆಯನ್ನು ಮೆಲ್ಲಗೆ ತೆಗೆದು ಅವರ ಅಂಗೈ ಮೇಲೆ ಬಿಟ್ಟಳು. ಅದು ಗೆರೆ ಅಳಿದ ಆ ಬಿಳಿ ಬೆರಳುಗಳ ಮೇಲೆ ಒಂದೊಂದೇ ಕಾಲಿಟ್ಟು ನಡೆಯಿತು.

"ಇಂಗಿರ್ತದಾ ಇದು," ಎಂದರು. "ಮೂಲೇಲಿ ಒಂದೊಂದು ಎದ್ರೆ ಗುಡ್ಸಿ ಆಚ್ಗೆ ಹಾಕ್ತಿದ್ದೊ. ಕೂತ್ಕಂಡು ನೋಡೇ ಇರ್ನಿಲ್ಲ ಕಣ್ರವ್ವ." ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. "ನಾನು ಇಷ್ಟ್ ವರ್ಷ ಬರೀ ಖಾಲಿ ಮನೇನೇ ತಂದು ಹಾಕ್ತಿದ್ದೆ."

ಅವರು ನಕ್ಕರಲ್ಲ, ಸಾಕು. ಆತುರಗೆಟ್ಟವಳು ಬಾಯಿ ಬಿಟ್ಟೆ.

"ಅಂಗಾದ್ರೆ ಒಳ್ಳೇದೇ ಆಯ್ತಲ್ಲ ಅತ್ತೆಮ್ಮ."

ಅತ್ತೆ ನನ್ನ ಮುಖ ನೋಡಿದರು. ನಗು ಹೋಗಿರಲಿಲ್ಲ, ಆದರೆ ಅದು ನನಗಾಗಿ ಇರಲಿಲ್ಲ.

"ಹಾರ ಇಳ್ಸಿ," ಎಂದರು.

ಏಣಿ ತಂದರು. ಚಿಟ್ಟೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಬಿದಿರಿನ ತಟ್ಟೆಗೆ ಬಿಟ್ಟು, ಹಾರವನ್ನು ಅತ್ತೆಯ ಮಡಿಲಿಗೆ ಇಳಿಸಿದರು. ಅವರು ದಾರ ಕತ್ತರಿಸಿ, ತೂತಾದ ಗೂಡುಗಳನ್ನು ಒಂದು ಕಡೆ ಸರಿಸಿದರು. ತೆರೆಯದೆ ಉಳಿದವನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಹುಳ ಸರಿಯಾಗಿದ್ದರೆ ಅದು ಗೋಡೆಗೆ ಬಡಿದು ಮೆತ್ತಗೆ ಸದ್ದಾಗುತ್ತದೆ. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವವರು ಮೊದಲು ಮಾಡುವುದು ಇದನ್ನೇ. ಸದ್ದಾದದ್ದನ್ನು ತಟ್ಟೆಯಲ್ಲಿಟ್ಟರು, ಇವು ನಾಳೆ ಏಳ್ತವೆ ಎಂದರು. ಸದ್ದಾಗದ್ದನ್ನು ನನ್ನ ಕೈ ಹಿಡಿದು ಅಂಗೈಗೆ ಹಾಕಿದರು. ಒಂದು. ಇನ್ನೊಂದು. ಬೊಗಸೆ ಮಾಡಿಕೊ ಎಂದರು. ಬೊಗಸೆ ಅರ್ಧ ತುಂಬಿತು.

"ಸೂಜಿ ಒಳಕ್ಕೇ ಓಗಿ ಸತ್ತೋಗವೆ. ಸಿಪ್ಪೇಲಿ ಪೋಣಿಸ್ಬೇಕು, ನೀನು ನೆಟ್ಟಗೆ ಚುಚ್ಬುಟ್ಟಿದೀಯ."

ನಾನು ಬೊಗಸೆಯನ್ನೇ ನೋಡುತ್ತಾ ನಿಂತೆ. ಬೆಳ್ಳಗೆ, ಬಿಗಿಯಾಗಿ, ಚಂದವಾಗಿದ್ದವು. ತೂಕವೇ ಇರಲಿಲ್ಲ.

"ತಪ್ಪಾಯ್ತು ಅತ್ತೆಮ್ಮ," ಎಂದೆ.

"ನಂಗ್ಯಾಕೆ ಹೇಳೀಯೆ? ನಂದು ನಾನು ವರ್ಷಾ ವರ್ಷಾ ಕೇಳ್ಕಂಡಿದೀನಿ, ಈ ವರ್ಷದ್ದು ಈಗ್ತಾನೆ ಕೇಳ್ಕಂಡೆ. ಇವು ನಿನ್ನವು. ಓಗು."

ಕಟ್ಟೆಯ ಮೂರು ಮೆಟ್ಟಿಲು ಹತ್ತಿದೆ. ತಾತನ ಪಾದ ನನ್ನ ಮುಖದ ಎತ್ತರಕ್ಕಿತ್ತು. ಹತ್ತಿರದಿಂದ ನೋಡಿದರೆ ಬಣ್ಣ ಬಿರಿದು, ಬೆರಳುಗಳ ನಡುವೆ ಸಿಮೆಂಟು ಕಾಣುತ್ತಿತ್ತು. ಆಟೋ ನಿಲ್ದಾಣದವರು, ಹೂವಿನವಳು, ಬಸ್ಸಿಗೆ ಕಾಯುವವರು, ಬೆಳಗ್ಗೆ ನಕ್ಕಿದ್ದ ಇಬ್ಬರಲ್ಲಿ ಒಬ್ಬ, ಎಲ್ಲರೂ ನೋಡುತ್ತಿದ್ದರು. ಬೊಗಸೆಯನ್ನು ಎದೆಗೊತ್ತಿಕೊಂಡು, ತುಟಿ ಅಲುಗದ ಹಾಗೆ ಹೇಳಿ, ಇಳಿಯಲು ತಿರುಗಿದೆ.

"ಹೇಳ್ದಾ?" ಕುರ್ಚಿಯಿಂದ ಅತ್ತೆ ಕೂಗಿದರು.

"ಹೇಳ್ದೆ ಅತ್ತೆಮ್ಮ."

"ನಂಗೆ ಕೇಳಿಸ್ನಿಲ್ಲ ಕಣವ್ವ. ಒಸಿ ಜೋರಾಗ್ ಹೇಳು."

ಮಾಗಡಿಗೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ಕಿಟಕಿಗಳಲ್ಲೆಲ್ಲ ಮುಖಗಳು. ನಾನು ಮತ್ತೆ ತಿರುಗಿ ನಿಂತು, ಬೊಗಸೆಯಲ್ಲಿದ್ದವಕ್ಕೆ, ಆ ಬಸ್ಸಿನವರಿಗೂ ಕೇಳಿಸುವ ಹಾಗೆ ತಪ್ಪಾಯ್ತು ಎಂದೆ.